ಗುಡ್ಡದ ಮೇಲಿನ ಬೀಗತನ

ಬೇಸಿಗೆಯ ಭಾನುವಾರ ಹೆಂಗಸರು ಬುತ್ತಿ ಕಟ್ಟಿಕೊಂಡು ಗುಡ್ಡಕ್ಕೆ ಹೊರಟರೆ ನಮ್ಮ ಕಡೆ ಜನ ಮೊದಲು ಕೇಳುವುದು, 'ಯಾವ ದೇವರಿಗೆ ಬೇಡಿಕೊಂಡೀರಿ?' ಎಂದು. ನಾವು ಹತ್ತುತ್ತಿದ್ದ ಗುಡ್ಡದ ಮೇಲೆ ದೇವರೂ ಇಲ್ಲ, ಗುಡಿಯೂ ಇಲ್ಲ. ಕಟಕೋಳದಿಂದ ಸ್ವಲ್ಪ ದೂರದಲ್ಲಿರುವ ಕೆಂಪು ಕಲ್ಲಿನ ಬೋಳು ಗುಡ್ಡ ಅದು. ತುದಿಯಲ್ಲಿ ಒಂದು ದೊಡ್ಡ ಬಂಡೆ ಮುಂದಕ್ಕೆ ಚಾಚಿಕೊಂಡಿದೆ. ಅದರ ಕೆಳಗೆ ನಡು ಮಧ್ಯಾಹ್ನದಲ್ಲೂ ಮೂರ್ನಾಲ್ಕು ಜನ ಕಾಲು ಚಾಚಿ ಮಲಗುವಷ್ಟು ನೆರಳಿರುತ್ತದೆ. ಆ ಗುಡ್ಡದ ಮಹಿಮೆ ಅಷ್ಟೇ. ನಮಗೆ ಅಷ್ಟು ಸಾಕಿತ್ತು.

ನಾವು ಮೂವರು. ಕಿತ್ತೂರಿನಲ್ಲಿ ಕಾಲೇಜು ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದವರು. ಮದುವೆಯಾಗಿ ನಾನು ಬೈಲಹೊಂಗಲಕ್ಕೆ ಬಂದೆ. ಮನೆಯಲ್ಲೇ ಹುಡುಗಿಯರಿಗೆ ಹೊಲಿಗೆ ಕಲಿಸುತ್ತೇನೆ. ಒಬ್ಬಳು ಸವದತ್ತಿಗೆ ಹೋಗಿ ಶಾಲೆಯ ಟೀಚರಾದಳು. ಇನ್ನೊಬ್ಬಳು ರಾಮದುರ್ಗದ ಒಂದು ಹಿಟ್ಟಿನ ಗಿರಣಿಯ ಮನೆಗೆ ಸೊಸೆಯಾಗಿ ಹೋಗಿ, ಈಗ ಗಂಡನಿಗಿಂತ ಚೆನ್ನಾಗಿ ಗಿರಣಿ ನಡೆಸುತ್ತಾಳೆ. ಮಕ್ಕಳು ತಮ್ಮ ಕೈಯಾರೆ ಉಣ್ಣುವಷ್ಟು ದೊಡ್ಡವರಾದ ಮೇಲೆ ನಮಗೆ ಈ ಗುಡ್ಡದ ಹುಚ್ಚು ಹಿಡಿಯಿತು. ಏಪ್ರಿಲ್, ಮೇ ತಿಂಗಳ ಭಾನುವಾರ ಮೊದಲ ಬಸ್ಸು ಹಿಡಿದು ಮೂರು ಕಡೆಯಿಂದ ಬಂದು ಸೇರುವುದು, ಬಿಸಿಲೇರುವ ಮೊದಲೇ ಹತ್ತುವುದು, ಹೊತ್ತು ತಂಪಾದ ಮೇಲೆ ಇಳಿಯುವುದು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಗಂಡಂದಿರಿಗೆ ಬೇಡವೆನ್ನಲು ಇದ್ದ ಒಂದು ನೆಪವೂ ಹೋಯಿತು.

ಹೋಗಿ ಏನು ಮಾಡುತ್ತಿದ್ದಿರಿ ಎಂದು ಕೇಳಿದರೆ ಹೇಳಲು ಏನೂ ಇಲ್ಲ. ದಾರಿಯಲ್ಲಿ ಕವಳಿಹಣ್ಣು ಸಿಕ್ಕರೆ ಸೆರಗಿನ ತುಂಬ ಕಿತ್ತುಕೊಳ್ಳುತ್ತಿದ್ದೆವು. ಮೇಲೆ ಹೋಗಿ ಬುತ್ತಿ ಬಿಚ್ಚುತ್ತಿದ್ದೆವು. ತನ್ನ ಬುತ್ತಿ ತಾನು ಉಣ್ಣಬಾರದು ಎಂಬುದು ಹಾಸ್ಟೆಲಿನ ಕಾಲದಿಂದ ಬಂದ ನಿಯಮ. ನನ್ನ ರೊಟ್ಟಿ, ಎಣಗಾಯಿ ಸವದತ್ತಿಯವಳಿಗೆ ಹೋಗುತ್ತಿತ್ತು, ಅವಳ ಕೆಂಪು ಮೆಣಸಿನಕಾಯಿಯ ಖಾರದ ರಂಜಕ ನನಗೆ. ಉಂಡು ಮಾತಾಡುತ್ತಿದ್ದೆವು, ಮಾತಾಡುತ್ತ ಮಲಗಿಬಿಡುತ್ತಿದ್ದೆವು. ಮನೆಯಲ್ಲಿ ಒಬ್ಬರಿಗೆ ಸೊಸೆ, ಒಬ್ಬರಿಗೆ ತಾಯಿ, ಒಬ್ಬರಿಗೆ ಟೀಚರಾಗಿ ವಾರವಿಡೀ ಮರ್ಯಾದೆಯಿಂದ ಬದುಕಿದ ನಮಗೆ ಅಲ್ಲಿ ಬೈಸಿಕೊಳ್ಳುವ ಸುಖವಿತ್ತು.

'ನಿನ್ನ ಹೆಣಾ ಎತ್ತಲಿ, ಉಪ್ಪ ಹಾಕಾಕ ಕೈ ಬರಲಿಲ್ಲೇನ ನಿನಗ?' ಎಂದು ಸವದತ್ತಿಯವಳು ನನ್ನ ಎಣಗಾಯಿಯ ಮೇಲೆ ಎಗರುವಳು. ನಾನು ನಿಜಕ್ಕೂ ಉಪ್ಪು ಮರೆಯುವವಳು. ಗಂಡ ಮೂವತ್ತು ವರ್ಷ ಸುಮ್ಮನೆ ಉಂಡಿದ್ದಾನೆ. ಅವಳು ಒಂದು ದಿನವೂ ಸುಮ್ಮನೆ ಉಂಡವಳಲ್ಲ. ಅದಕ್ಕೇ ಅವಳೆಂದರೆ ನನಗೆ ಪ್ರಾಣ. ನನ್ನ ಮುಖ ನೋಡಿ ನಿಜ ಹೇಳುವ ಮನುಷ್ಯ ಜಗತ್ತಿನಲ್ಲಿ ಅವಳೊಬ್ಬಳೇ ಇದ್ದಳು.

ನನಗೆ ಒಬ್ಬ ಮಗ, ಅವಳಿಗೆ ಒಬ್ಬಳು ಮಗಳು. ಚಿಕ್ಕವರಿದ್ದಾಗ ಒಮ್ಮೊಮ್ಮೆ ಅವರೂ ಗುಡ್ಡಕ್ಕೆ ಬರುತ್ತಿದ್ದರು. ಹುಡುಗಿ ನನ್ನನ್ನು ಚಿಕ್ಕಮ್ಮನೆಂದು 'ಮೌಶಿ' ಎನ್ನುತ್ತಿದ್ದಳು. ಮುಂದೆ ಮಗ ಮನೆಯಿಂದಲೇ ಓಡಾಡುತ್ತ ಬೆಳಗಾವಿಯಲ್ಲಿ ಕೆಲಸಕ್ಕೆ ಸೇರಿದ, ಹುಡುಗಿ ಧಾರವಾಡದಲ್ಲಿ. ಮದುವೆಯ ವಯಸ್ಸಾಯಿತು, ನಾವಿಬ್ಬರೂ ಊರೂರು ಅಲೆಯಲು ಶುರುಮಾಡಿದೆವು.

ಮಾತು ತೆಗೆದವಳು ರಾಮದುರ್ಗದವಳು. ಬಂಡೆಯ ನೆರಳಲ್ಲಿ ಅಡ್ಡಾಗಿದ್ದವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು: 'ಒಬ್ಬಾಕಿ ಮಗನಿಗೆ ಕನ್ಯಾ ಹುಡುಕಾಕ ಹತ್ಯಾಳ, ಇನ್ನೊಬ್ಬಾಕಿ ಮಗಳಿಗೆ ವರಾ ಹುಡುಕಾಕ ಹತ್ಯಾಳ. ಬಗಲಾಗ ಕೂಸ ಇಟಗೊಂಡು ಊರೆಲ್ಲಾ ಹುಡುಕಿದಂಗ ಆತು ನಿಮ್ಮ ಕತಿ.'

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ನನಗೆ ಮಗನ ಸಂಸಾರ ಕಣ್ಣ ಮುಂದೆ ಬರಲಿಲ್ಲ. ಬಂದದ್ದು ನಾವಿಬ್ಬರೂ ಮುದುಕಿಯರಾಗಿ ಒಂದೇ ಮೊಮ್ಮಗುವನ್ನು ಎಳೆದಾಡುತ್ತ ಜಗಳಾಡುವುದು. ಅವಳಿಗೂ ಅದೇ ಬಂದಿರಬೇಕು.

'ಬೀಗರಾದ್ರ ಇಕಿ ನನ್ನ ಬಿಟ್ಟ ಎಲ್ಲಿ ಹೊಕ್ಕಾಳ? ಸಾಯೋತನಾ ನನ್ನ ಕೂಡ ಗುಡ್ಡಾ ಹತ್ತಬೇಕು' ಎಂದಳು ಸವದತ್ತಿಯವಳು.

ಬುತ್ತಿಯಲ್ಲಿ ಬೆಲ್ಲದ ಒಂದು ಹೆಂಟೆ ಇತ್ತು. ಅಲ್ಲೇ ಮುರಿದು ಮೂವರೂ ಬಾಯಿಗೆ ಹಾಕಿಕೊಂಡೆವು. ಮಕ್ಕಳನ್ನು ಆಮೇಲೆ ಕೇಳಿದೆವು. ಅವರೂ ಹೂಂ ಎಂದರು. ಮುಂದಿನ ಬೇಸಿಗೆಗೆ ಮೊದಲೇ ಮದುವೆ ಮುಗಿದು, ಹುಡುಗಿ ನಮ್ಮ ಮನೆಗೆ ಬಂದು ನನ್ನನ್ನು 'ಅತ್ತಿ' ಎನ್ನತೊಡಗಿದಳು.

ಆ ಬೇಸಿಗೆಯ ಮೊದಲ ಭಾನುವಾರ ಸವದತ್ತಿಯವಳು ಹಳೆಯ ಚೀಲ ಬಿಟ್ಟು ದೊಡ್ಡ ಡಬ್ಬಿ ಹಿಡಿದು ಬಸ್ಸಿನಿಂದಿಳಿದಳು. ಉಟ್ಟದ್ದು ರೇಷ್ಮೆ ಸೀರೆ. ಗುಡ್ಡ ಹತ್ತುವಾಗ ಯಾವಾಗಲೂ ಮುಂದೆ ಓಡುವವಳು ಅಂದು ನನ್ನ ಹಿಂದೆಯೇ ಬಂದಳು. ಮೇಲೆ ಹೋದ ಮೇಲೆ ನಾನು ಕೂರುವ ಜಾಗದಲ್ಲಿ ಜಮಖಾನೆ ಹಾಸಿದಳು. ಡಬ್ಬಿಯಲ್ಲಿ ಹೋಳಿಗೆ, ತುಪ್ಪ, ಝುಣಕದ ವಡೆ, ಎರಡು ಬಗೆಯ ಪಲ್ಯ. ಎಲ್ಲವನ್ನೂ ಮೊದಲು ನನಗೆ ಬಡಿಸಿ ಕೈಕಟ್ಟಿ ಕೂತಳು. ನಾನು ಉಂಡ ಮೇಲೆ ಅವಳು ಉಣ್ಣುವುದಂತೆ.

'ಏನ ನಾಟಕ ಹಚ್ಚೀದಿ?' ಎಂದೆ. ನನಗೆ ಸಿಟ್ಟು ಬೇಗ ಬರುತ್ತದೆ.

'ನಾಟಕ ಅಲ್ಲರಿ. ಹೆಣ್ಣ ಕೊಟ್ಟವರು ನಾವು. ನಿಮ್ಮವ್ವಗ ಬೀಗರ್ನ ಕಾಣೂ ರೀತಿ ಗೊತ್ತಿಲ್ಲ ಅಂತ ನಾಳೆ ಯಾರೂ ನನ್ನ ಮಗಳಿಗೆ ಅನಬಾರದು.'

'ಯಾರ ಅಂತಾರ? ಇಲ್ಲಿ ಯಾರ ಅದಾರ?'

ನಾನು ಹಟ ಹಿಡಿದು ನನ್ನ ಬುತ್ತಿಯ ಎಣಗಾಯಿಯನ್ನು ಅವಳ ತಟ್ಟೆಗೆ ಸುರಿದೆ. ಅಂದೂ ಉಪ್ಪಿರಲಿಲ್ಲ. ಅವಳು ಎರಡು ತುತ್ತು ತಿಂದು, 'ಭಾಳ ಚೊಲೋ ಆಗೇತ್ರಿ' ಎಂದಳು. ರಾಮದುರ್ಗದವಳು ಮುಖ ಆಚೆ ತಿರುಗಿಸಿದಳು.

ಅಂದು ನನಗೆ ಗೊತ್ತಾಯಿತು, ಅವಳು ಹೆದರಿದ್ದು ಮಂದಿಗಲ್ಲ, ನನಗೆ. ಗುಡ್ಡದ ಮೇಲೆ ನನ್ನ ಮೂಗಿನ ತುದಿ ಕೆಂಪಾದರೆ ಅದರ ಬಿಸಿ ಬೈಲಹೊಂಗಲದ ನನ್ನ ಅಡುಗೆಮನೆಯಲ್ಲಿರುವ ಅವಳ ಮಗಳಿಗೆ ತಗಲುತ್ತದೆ ಎಂಬ ಹೆದರಿಕೆ. ನಮ್ಮ ಸೀಮೆಯಲ್ಲಿ ಹೆಣ್ಣು ಕೊಟ್ಟ ತಾಯಂದಿರೆಲ್ಲ ಹೀಗೆಯೇ ಇರುತ್ತಾರೆ. ನನ್ನ ತಾಯಿಯೂ ನನ್ನ ಅತ್ತೆಯ ಮುಂದೆ ಹಾಗೆಯೇ ಬಗ್ಗಿ ನಿಲ್ಲುತ್ತಿದ್ದಳು. ಆದರೆ ಇವಳು ಬಗ್ಗುತ್ತಾಳೆಂದು ನನಗೆ ಕನಸಿನಲ್ಲೂ ಅನಿಸಿರಲಿಲ್ಲ. ನನಗೂ ಬಾಯಿ ಕಟ್ಟಿತು. ಮನೆಯಲ್ಲಿ ಮಗನಿಗೂ ಸೊಸೆಗೂ ಸರಿಬರುತ್ತಿಲ್ಲ ಎಂಬುದು ನನಗೆ ಕಾಣುತ್ತಿತ್ತು. ಬೇರೆ ಯಾರ ಮಕ್ಕಳ ವಿಷಯವಾಗಿದ್ದರೂ ನಾನು ಮೊದಲು ಓಡಿಹೋಗಿ ಹೇಳುತ್ತಿದ್ದುದು ಅವಳಿಗೇ. ಈಗ ಅವಳೊಬ್ಬಳಿಗೇ ಹೇಳುವ ಹಾಗಿರಲಿಲ್ಲ. ಆ ವರ್ಷವೂ ಮುಂದಿನ ವರ್ಷವೂ ನಾವು ಹತ್ತಿದೆವು, ಆದರೆ ಬಂಡೆಯ ಕೆಳಗೆ ಹವೆ, ತರಕಾರಿ, ಸೀರೆಯ ಮಾತಾಡಿ ಇಳಿದು ಬರುತ್ತಿದ್ದೆವು.

ಮಕ್ಕಳು ಒಂದೂವರೆ ವರ್ಷ ನೋಡಿ ಒಬ್ಬರಿಂದೊಬ್ಬರು ಬೇರೆಯಾಗುತ್ತೇವೆ ಎಂದರು. ಹೊಡೆದಾಟವಿಲ್ಲ, ಕೆಟ್ಟ ಮಾತಿಲ್ಲ. ಬೆಣ್ಣೆಯೊಳಗಿನ ಕೂದಲು ತೆಗೆದಂತೆ ಅವರು ಬಿಡಿಸಿಕೊಂಡರು, ಗದ್ದಲವೆಲ್ಲ ಹಿರಿಯರದ್ದು. ನಮ್ಮ ಮನೆಯ ಪಡಸಾಲೆಯಲ್ಲಿ ಎರಡೂ ಕಡೆಯವರು ಎದುರುಬದರು ಕೂತರು. ಅವಳು ಅವಳ ಕಡೆ, ನಾನು ನನ್ನ ಕಡೆ. ನಡುವೆ ಒಂದು ಜಮಖಾನೆಯಷ್ಟೇ ಜಾಗ. ಎದ್ದು ಹೋಗಿ ಅವಳ ಪಕ್ಕ ಕೂತುಬಿಡಲೇ ಎಂದು ನನಗೆ ಎಷ್ಟು ಅನಿಸಿತೆಂದರೆ ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡಿದ್ದೆ. ಮಗಳ ಸಾಮಾನು ಟೆಂಪೋಗೆ ಏರಿಸುವಾಗ ಅವಳು ಬಿಸಿಲಲ್ಲಿ ನಿಂತಿದ್ದಳು. ಚರಿಗೆಯಲ್ಲಿ ನೀರು ಒಯ್ದು ಕೊಟ್ಟೆ. 'ಬ್ಯಾಡ್ರಿ' ಎಂದಳು.

ಆಮೇಲಿನ ಬೇಸಿಗೆಯಲ್ಲಿ ರಾಮದುರ್ಗದವಳ ಸ್ಥಿತಿ ಅತ್ತ ದರಿ ಇತ್ತ ಪುಲಿ. ಒಂದು ಭಾನುವಾರ ನನ್ನ ಜೊತೆ ಗುಡ್ಡ ಹತ್ತುವಳು, ಮುಂದಿನ ಭಾನುವಾರ ಸವದತ್ತಿಯವಳ ಜೊತೆ. ಅಲ್ಲಿನ ಮಾತು ಇಲ್ಲಿ ಹೇಳುವವಳಲ್ಲ, ನಾನೂ ಕೇಳಲಿಲ್ಲ. ಆದರೆ ಬಂಡೆಯ ಕೆಳಗೆ ಒಣಗಿದ ಕವಳಿಹಣ್ಣಿನ ಬೀಜ ಬಿದ್ದಿದ್ದರೆ ಹೋದ ವಾರ ಅವಳು ಇಲ್ಲಿ ಕೂತಿದ್ದಳು ಎಂದುಕೊಂಡು ನಾನೂ ಅಲ್ಲೇ ಕೂರುತ್ತಿದ್ದೆ.

ಈ ವರ್ಷ ಮಗ ಒಂದು ದಿನ ಉಣ್ಣುತ್ತ ಹೇಳಿದ: 'ಅವ್ವಾ, ಆಕಿದು ಮತ್ತೊಂದು ಮದವಿ ಗೊತ್ತಾತಂತ. ನಿನ್ನೆ ಫೋನ್ ಮಾಡಿದ್ಲು. ಹುಡುಗ ಚೊಲೋ ಅದಾನಂತ.' ಅವರಿಬ್ಬರೂ ಈಗಲೂ ಮಾತಾಡುತ್ತಾರೆ, ನಗುತ್ತಾರೆ ಕೂಡ. ನನಗೆ ಹೊಟ್ಟೆಕಿಚ್ಚಾಗಲಿಲ್ಲ, ಕುಣಿಯುವಷ್ಟು ಖುಷಿಯಾಯಿತು. ಇನ್ನು ಸವದತ್ತಿಯವಳು ನನಗೆ ಹೆದರಬೇಕಾದ್ದು ಏನಿದೆ? ಅವಳ ಮಗಳು ಬೇರೆ ಮನೆಗೆ ಹೋಗುತ್ತಾಳೆ, ನನ್ನ ಗೆಳತಿ ನನಗೆ ಮರಳಿ ಸಿಗುತ್ತಾಳೆ ಎಂದು ಲೆಕ್ಕ ಹಾಕಿ ಅಂದೇ ಫೋನ್ ಮಾಡಿದೆ. 'ಐತವಾರ ಗುಡ್ಡಕ್ಕ ಬಾ' ಎಂದೆ. 'ಬರತೇನಿ' ಎಂದಳು.

ಬಂದಳು. ಮೂವರೂ ಹತ್ತಿದೆವು. ಅವಳು ತೆಳ್ಳಗಾಗಿದ್ದಳು, ಕೂದಲು ಬೆಳ್ಳಗಾಗಿತ್ತು. ಉಣ್ಣುವಾಗ ಹಾಸ್ಟೆಲಿನ ಮಾತು ಬಂದು ಒಮ್ಮೆ ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಎಲ್ಲ ಸರಿಹೋಯಿತು ಎಂದುಕೊಂಡು ನಾನು ಕಾಲು ಚಾಚಿದೆ.

ಆಗ ಅವಳು ನನ್ನ ಮೊಣಕಾಲ ಮೇಲೆ ಕೈಯಿಟ್ಟಳು. 'ನೋಡ, ಹೊಸಾ ಬೀಗರು ಭಾಳ ಸೂಕ್ಷ್ಮ ಮಂದಿ. ಹಳೇ ಸಂಬಂಧ ಪೂರಾ ಹರದೇತೋ ಇಲ್ಲೋ ಅಂತ ಎರಡ ಸಲ ಕೇಳ್ಯಾರ. ನಿನ್ನ ಕೂಡ ಅಡ್ಡಾಡೋದು ಅವರ ಕಿವಿಗಿ ಬಿದ್ರ ಹುಡುಗಿಗೆ ತ್ರಾಸ. ಇನ್ನ ನನ್ನ ಕರಿಬ್ಯಾಡ. ಫೋನೂ ಮಾಡಬ್ಯಾಡ.'

'ಹಂಗಾದ್ರ ಇವತ್ತ ಯಾಕ ಬಂದಿ?'

'ಇದನ್ನ ಫೋನಿನ್ಯಾಗ ಹೇಳಾಕ ನನಗ ಬಾಯಿ ಬರಲಿಲ್ಲ.'

ಬಿಸಿಲಿಳಿಯುವ ಮೊದಲೇ ಅವಳು ಎದ್ದಳು. ನಾವೂ ಬರುತ್ತೇವೆ ಎಂದರೆ, ಬೇಡ, ಕೆಳಗೆ ರಸ್ತೆಯಲ್ಲಿ ಪರಿಚಯದವರು ಇರುತ್ತಾರೆ ಎಂದಳು. ಕಲ್ಲು ಹಿಡಿದು ಹಿಡಿದು ಇಳಿದು ಹೋದಳು, ಒಂದು ಸಲವೂ ತಿರುಗಿ ನೋಡಲಿಲ್ಲ. ರಾಮದುರ್ಗದವಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ನನ್ನ ಮಗನಿಗೆ ಇನ್ನೊಬ್ಬ ಹೆಂಡತಿ ಸಿಗುತ್ತಾಳೆ, ಸವದತ್ತಿಯವಳಿಗೆ ಹೊಸ ಅಳಿಯ ಸಿಕ್ಕಿದ್ದಾನೆ. ಈ ವಯಸ್ಸಿನಲ್ಲಿ ನನಗೆ ಅಂಥ ಗೆಳತಿ ಇನ್ನೊಬ್ಬಳು ಎಲ್ಲಿಂದ ಸಿಗಬೇಕು? ಸಿಟ್ಟಾದರೂ ಬಂದಿದ್ದರೆ ಎದೆ ಹಗುರಾಗುತ್ತಿತ್ತು. ಬರಲಿಲ್ಲ. ಆ ಹುಡುಗಿ ನನ್ನ ಮಗಳಾಗಿದ್ದರೆ ನಾನೂ ಅದನ್ನೇ ಹೇಳಿ ಹೀಗೆಯೇ ಇಳಿದು ಹೋಗುತ್ತಿದ್ದೆ.