ಹೆರಿಗೆ ಕೋಣೆಯ ಮೇಲಿನ ಕತ್ತಿಕಾಯಿ ಕೊಂಬೆ

೧೯೬೩ರ ಏಪ್ರಿಲ್. ಚಿಂತಾಮಣಿಯಲ್ಲಿ ತೋಟಗಾರಿಕೆ ಇಲಾಖೆಯ ಫೀಲ್ಡ್‌ಮನ್ ಆಗಿ ಸೇರಿ ನಾಲ್ಕು ತಿಂಗಳಾಗಿತ್ತು. ನನ್ನ ವಯಸ್ಸು ಇಪ್ಪತ್ಮೂರು. ಮೀಸೆ ಇನ್ನೂ ಪ್ರೊಬೇಷನ್‌ನಲ್ಲಿತ್ತು. ಇಲಾಖೆ ಕೊಟ್ಟದ್ದು ಸೈಕಲ್ಲು, ಅಳತೆ ಟೇಪು, ಕೈಗರಗಸ. ಸ್ವಂತ ಆಸ್ತಿ ಎಂದರೆ ಯಾರ ದನಿಯನ್ನಾದರೂ ಅಣಕಿಸಬಲ್ಲ ಗಂಟಲು. ಸಾಹೇಬರ ದನಿಯಲ್ಲಿ ಕೂಗಿದರೆ ಜವಾನ ಕಾಫಿ ತರುತ್ತಿದ್ದ. ನನ್ನದೇ ದನಿಗೆ ನೀರನ್ನೂ ತರುತ್ತಿರಲಿಲ್ಲ.

ಕೆಂಚಾರ್ಲಹಳ್ಳಿಯ ರೈತ ನಾರಾಯಣಪ್ಪನವರಿಂದ ಅರ್ಜಿ ಬಂತು. ಅಂದಕ್ಕೆಂದು ಹಿತ್ತಿಲಲ್ಲಿ ನೆಟ್ಟ ಗುಲ್‌ಮೊಹರ್, ನಮ್ಮ ಕಡೆ ಕತ್ತಿಕಾಯಿ ಮರ ಎನ್ನುವುದು, ಕೋಣೆಯೊಂದರ ಮೇಲೆ ಬಾಗಿದೆ, ಬುಡಸಮೇತ ತೆಗೆಸಿಕೊಡಿ ಎಂದಿತ್ತು. ಮರ ಕಡಿಯುವ ಮುನಿಯಪ್ಪನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟೆ.

ಮನೆಯ ತುಂಬ ರೇಷ್ಮೆಹುಳು. ನಾಲ್ಕನೇ ಜ್ವರ ಎದ್ದಿದ್ದವು. ಅಂದರೆ ಕೊನೆಯ ಪೊರೆ ಕಳಚಿ, ಗೂಡು ಕಟ್ಟುವ ಮುನ್ನ ಎಡೆಬಿಡದೆ ಮೇಯುವ ಹಂತ. ನಾರಾಯಣಪ್ಪನವರು ತಲೆ ಎತ್ತದೆ ಸೊಪ್ಪು ಹಾಕುತ್ತಿದ್ದರು. ಹೆರಿಗೆಯ ಮೈಲಿಗೆ ಹುಳುವಿಗೆ ತಾಗಬಾರದೆಂದು, ಚೊಚ್ಚಲ ಬಾಣಂತನಕ್ಕೆ ಬಂದಿದ್ದ ಮಗಳು ರತ್ನಳಿಗೆ ಹಿತ್ತಿಲ ಕೋಣೆ ಕೊಟ್ಟಿದ್ದರು. ಮರ ಬಾಗಿದ್ದು ಆ ಕೋಣೆಯ ಮೇಲೆಯೇ. ಅವಳಿಗೆ ಒಂಬತ್ತು ತಿಂಗಳು ತುಂಬುತ್ತಿತ್ತು.

ಅಳೆದೆ. ಬುಡದ ಸುತ್ತಳತೆ ಐದೂವರೆ ಅಡಿ. ಹೆಂಚಿನ ಮೇಲೆ ಚಾಚಿದ ಕೊಂಬೆ ಹದಿನೆಂಟು ಅಡಿ. ಅದರ ಕವಲಿನಲ್ಲಿ ಬೆರಳು ತೂರುವಷ್ಟು ಸೀಳು. ಈ ಮರದ ಕಟ್ಟಿಗೆ ಪೆಳಸು. ಅದು ಮುರಿದು ಬೀಳಲು ಮುಂಗಾರಿಗೆ ಮುಂಚಿನ ಒಂದು ಬಿರುಗಾಳಿ ಸಾಕಿತ್ತು.

ಮುನಿಯಪ್ಪ ಕೊಡಲಿ ಎತ್ತುವಷ್ಟರಲ್ಲಿ ನಾರಾಯಣಪ್ಪನವರ ತಾಯಿ ಬಂದು ಮರಕ್ಕೆ ಬೆನ್ನು ಕೊಟ್ಟು ನಿಂತರು.

"ಬಸುರಿ ಇರೋ ಮನೇಲಿ ಹಸಿ ಮರಕ್ಕೆ ಕೊಡಲಿ ಹಾಕ್ತಾರೇನಪ್ಪ?"

ನಾನು ಗಂಟಲು ಸರಿಮಾಡಿಕೊಂಡು ಸಾಹೇಬರಾದೆ: "ನೋಡಿ ಅಮ್ಮ, ಸೈಂಟಿಫಿಕ್ ಆಗಿ ಹೇಳೋದಾದ್ರೆ..."

"ಇದು ಯಾರ ದನೀನಪ್ಪ? ನಿಂದಲ್ಲ."

ಹಿಂದಿರುಗಿ ನೋಡಿದರೆ ಮುನಿಯಪ್ಪನೂ ಕೊಡಲಿ ಕೆಳಗಿಟ್ಟಿದ್ದ.

"ನಮ್ಮಾಕೆಗೂ ಐದು ತಿಂಗಳು ಸಾಮಿ. ನಾನೂ ಮುಟ್ಟಂಗಿಲ್ಲ."

"ಇದನ್ನ ಊರಲ್ಲೇ ಹೇಳಕ್ಕೇನಾಗಿತ್ತಯ್ಯ?"

"ಕೂಲಿ ಆಸೆಗೆ ಬಂದೆ ಸಾಮಿ. ಅಜ್ಜಿ ಹೇಳಿದ ಮ್ಯಾಲೆ ಎದೆ ಝಲ್ಲಂತು. ದಾರೀಲಿ ಹೇಳಣ ಅಂದ್ರೂ ನೀವೇ ಮಾತಾಡ್ತಿದ್ರಿ, ನಾಕು ಜನದ ದನೀಲಿ."

ಕೋಣೆಯ ಬಾಗಿಲಲ್ಲಿ ಯಾರೋ ಕಿಲಕಿಲ ನಕ್ಕರು. ರತ್ನ, ಒಂದು ಕೈಯಲ್ಲಿ ಬಾಗಿಲುವಾಡ, ಇನ್ನೊಂದರಲ್ಲಿ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. ನಗು ನಿಂತ ಮೇಲೆ ಮೆಲ್ಲಗೆ ಹೇಳಿದಳು:

"ಅಜ್ಜಿ, ಗಾಳಿ ಬಂದಾಗೆಲ್ಲ ಅದು ಕಿರ್ರ್ ಅಂತದೆ. ನಾನು ಮಂಚ ಮೂಲೆಗೆ ಎಳ್ಕೊಂಡು, ಗೋಡೆಗೆ ಅಂಟ್ಕೊಂಡು ಮಲಗ್ತೀನಿ. ನಾಳೆ ಮಗು ಬಂದ್ರೆ ಅದನ್ನೆಲ್ಲಿ ಮಲಗಿಸ್ಲಿ?"

"ನಂಗ್ಯಾಕೆ ಹೇಳ್ಲಿಲ್ಲ ಕಣೇ?"

"ಯಾರು ಕೇಳಿದ್ರು? ಅಪ್ಪ ಮರ ತೆಗಿಸ್ತೀನಿ ಅಂತಾರೆ, ನೀನು ತೆಗೀಬಾರ್ದು ಅಂತೀಯ."

ಅಜ್ಜಿ ತಲೆ ಎತ್ತಿ ಕೊಂಬೆ ನೋಡಿದರು. ಮರದ ತುಂಬ ಮೊಗ್ಗು ಕಟ್ಟಿತ್ತು. ಆಮೇಲೆ ನನ್ನ ಕಡೆ ತಿರುಗಿದರು.

"ಮದುವೆ ಆಗಿದ್ಯೇನಪ್ಪ?"

"ಇಲ್ಲಜ್ಜಿ. ಯಾರೂ ಒಪ್ಪಿಲ್ಲ."

"ಅದೇ ಒಳ್ಳೇದಾಯ್ತು. ನೀನೇ ಹತ್ತು. ಮರ ಇರ್ಲಿ, ಮುರಿದ ಕೈಯೊಂದು ತೆಗಿ. ಕೊಡಲಿ ಬ್ಯಾಡ, ಗರಗಸದಾಗೆ ನಿಧಾನಕ್ಕೆ."

ಬುಡಕ್ಕೆ ಅರಿಸಿನ ಕುಂಕುಮವಿಟ್ಟು ಮರಕ್ಕೆ ಏನೋ ಪಿಸುಗುಟ್ಟಿದರು. ಹಗ್ಗ ಹಿಡಿಯುವುದಕ್ಕೆ ಶಾಸ್ತ್ರದ ಅಡ್ಡಿಯಿಲ್ಲ ಎಂದು ಮುನಿಯಪ್ಪ ತಾನೇ ತೀರ್ಪು ಕೊಟ್ಟುಕೊಂಡ.

ಭಾರದ ಕೊಂಬೆಯನ್ನು ಒಂದೇ ಏಟಿಗೆ ಮೇಲಿನಿಂದ ಕೊಯ್ಯಬಾರದು. ಮೊದಲು ಅಡಿಯಿಂದ ಮೂರರಲ್ಲೊಂದು ಪಾಲು ಕೊಯ್ಯಬೇಕು, ಇದಕ್ಕೆ ಅಂಡರ್‌ಕಟ್ ಎನ್ನುತ್ತಾರೆ. ಆಮೇಲೆ ಸ್ವಲ್ಪ ಆಚೆ ಮೇಲಿನಿಂದ. ಆಗ ಕಾಂಡದ ತೊಗಟೆ ಸುಲಿಯುವುದಿಲ್ಲ. ಪರೀಕ್ಷೆಯಲ್ಲಿ ಇದನ್ನು ಬರೆದು ಒಳ್ಳೆಯ ಮಾರ್ಕು ತೆಗೆದಿದ್ದೆ. ಮರದ ಮೇಲೆ ಕೂತು ಮಾಡಿದ್ದು ಅಂದೇ ಮೊದಲು. ಮೇಲಿನ ಕವಲಿಗೆ ಹಗ್ಗ ಹಾಯಿಸಿ, ತುದಿಯಿಂದ ಶುರುಮಾಡಿ ಆರು ತುಂಡು ಇಳಿಸಿದೆವು. ಒಡೆದದ್ದು ಒಂದೇ ಹೆಂಚು, ಅದೂ ನನ್ನ ಕಾಲಿನಿಂದ. ಕೊನೆಯ ತುಂಡಿನೊಳಗೆ ಗೆದ್ದಲು ತಿಂದು ಟೊಳ್ಳಾಗಿತ್ತು. ಅಜ್ಜಿ ಅದರೊಳಗೆ ಕೈಯಿಟ್ಟು ನೋಡಿದರು.

ಮರದ ಗಾಯಕ್ಕೆ ಟಾರು ಬಳಿದು ಇಳಿದು ಬಂದಾಗ ಅಜ್ಜಿ ಕೋಣೆಯಲ್ಲಿದ್ದರು. ಮಂಚವನ್ನು ತಾವೇ ನಡುಮಧ್ಯಕ್ಕೆ ಎಳೆದು, ಅದರ ಮೇಲೆ ಅಂಗಾತ ಮಲಗಿ, ಸೂರು ನೋಡುತ್ತಿದ್ದರು.

"ಏಳಜ್ಜಿ, ಮಂಚ ನಂದು" ಎಂದಳು ರತ್ನ.

"ಇರೇ, ನೋಡ್ಬೇಕು. ಇಲ್ಲಿ ಮಲಗಿ ನಾನೊಂದಿನಾನೂ ನೋಡಿರ್ಲಿಲ್ಲ ಕಣೇ" ಎಂದು ಸರಿದು ಜಾಗ ಕೊಟ್ಟರು. ಇಬ್ಬರೂ ಮಲಗಿಕೊಂಡರು.

ಈಗ ಆರು ವರ್ಷದ ಸರ್ವೀಸಾಗಿದೆ. ಅನುಭವಿ ಎಂದು ನನ್ನನ್ನು ನಾನೇ ಕರೆದುಕೊಳ್ಳುತ್ತೇನೆ. ತಪಾಸಣೆ ಫಾರಂನಲ್ಲಿ ಮರದ ಹೆಸರು, ಎತ್ತರ, ಸುತ್ತಳತೆಗೆ ಕಾಲಂ ಇದೆ. ಅದರ ಕೆಳಗೆ ಯಾರು ಮಲಗುತ್ತಾರೆ ಎಂಬುದಕ್ಕಿಲ್ಲ. ಆದ್ದರಿಂದ ಟೇಪು ಬಿಚ್ಚುವ ಮೊದಲು ಅವರನ್ನು ಹುಡುಕಿ ಕೇಳುತ್ತೇನೆ, ನನ್ನ ಸ್ವಂತ ದನಿಯಲ್ಲೇ.