ಮುನಿರಾಜನನ್ನು ಮಲಗಗೊಡದೆ ಕೋಲಾರಕ್ಕೆ

ಶ್ರೀನಿವಾಸಪುರದಿಂದ ಕೋಲಾರಕ್ಕೆ ನೇರ ಬಸ್ಸಿದೆ. ಹೆಚ್ಚೆಂದರೆ ಒಂದು ಗಂಟೆಯ ದಾರಿ. ನಮಗೆ ಒಂದು ಇಡೀ ಹಗಲು ಹಿಡಿಯಿತು. ಕಾರಣ ನನ್ನ ತಮ್ಮ ಮುನಿರಾಜ. ಅವನು ಚಿಕ್ಕವನಿದ್ದಾಗ ಅಮ್ಮ ಅವನನ್ನು ಮೊದಲ ಸಲ ಕೋಲಾರಕ್ಕೆ ಕರೆದೊಯ್ದದ್ದು ಮುಳಬಾಗಿಲ ಮೇಲೆ, ಕುರುಡುಮಲೆ ಗಣೇಶನಿಗೆ ಕೈಮುಗಿಸಿಕೊಂಡು. ಅವನ ಮಟ್ಟಿಗೆ ಕೋಲಾರಕ್ಕೆ ಹೋಗುವ ದಾರಿ ಎಂದರೆ ಇವತ್ತಿಗೂ ಅದೊಂದೇ. ಬರುವಾಗ ನೇರ ಬಂದರೆ ತಕರಾರಿಲ್ಲ, ಅಮ್ಮ ಹಾಗೇ ಬಂದಿದ್ದಳಂತೆ. ಹೋಗುವಾಗ ದಾರಿ ಬದಲಿಸಿದರೆ ರಸ್ತೆಯಲ್ಲೇ ಕೂತುಬಿಡುತ್ತಾನೆ. ಕೂತರೆ ಎಬ್ಬಿಸಲು ನಾಲ್ಕು ಜನ ಬೇಕು.

ಮುನಿರಾಜನಿಗೆ ಈಗ ಮೂವತ್ತಾರು. ಅವನದು ಹುಟ್ಟಿನಿಂದಲೇ ಬಂದ ತೊಂದರೆ, ಪ್ರಾಡರ್-ವಿಲ್ಲಿ ಎಂದು ಹೆಸರು. ಹೊಟ್ಟೆ ತುಂಬಿತು ಎಂದು ಅವನ ಮಿದುಳಿಗೆ ಗೊತ್ತೇ ಆಗುವುದಿಲ್ಲ. ಮೈ ಬೆಳೆಯುತ್ತದೆ, ಸ್ನಾಯುಗಳಲ್ಲಿ ಶಕ್ತಿಯಿಲ್ಲ. ಮಾಲೂರಿನಲ್ಲಿ ಥೈರಾಯ್ಡ್ ಎಂದರು, ಊರಿನಲ್ಲಿ ದೃಷ್ಟಿ ಎಂದರು, ಕೊನೆಗೆ ಬೆಂಗಳೂರಿನಲ್ಲಿ ರಕ್ತ ನೋಡಿ ಸರಿಯಾದ ಹೆಸರು ಹೇಳಿದರು. ಆ ಹೆಸರನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ! ಕೇಳಿದವರೆಲ್ಲ ತಲೆಯಾಡಿಸಿ, "ಅದಿರ್ಲಿ, ಊಟ ಸ್ವಲ್ಪ ಕಡಿಮೆ ಮಾಡ್ಸಿ" ಎನ್ನುತ್ತಾರೆ. ಅಡುಗೆಮನೆಗೆ ಬೀಗ ಹಾಕಿಕೊಂಡು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವವಳು ನಾನು.

ಈಚೆಗೆ ರಾತ್ರಿ ಅವನ ಉಸಿರು ನಿಲ್ಲುತ್ತಿತ್ತು. ಗೊರಕೆ ಜೋರಾಗಿರುವಷ್ಟು ಹೊತ್ತು ನನಗೆ ಧೈರ್ಯ. ಅದು ನಿಂತರೆ ಎದ್ದು ಕೂರುತ್ತಿದ್ದೆ. ತುಟಿ ನೀಲಿಯಾಗುತ್ತಿತ್ತು. ಭುಜ ಹಿಡಿದು ಅಲ್ಲಾಡಿಸಿದರೆ ನೀರಿನಿಂದ ಎದ್ದವನ ಹಾಗೆ ಒಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದ. ನಾನು ಎಚ್ಚರಗೊಳ್ಳದ ಒಂದು ರಾತ್ರಿ ಬಂದರೆ ಏನು ಗತಿ? ಕೋಲಾರದ ಒಂದು ಆಸ್ಪತ್ರೆಯಲ್ಲಿ ನಿದ್ದೆಯ ಪರೀಕ್ಷೆ ಮಾಡುತ್ತಾರೆ, ಉಸಿರಿನ ಯಂತ್ರ ಕೊಡುತ್ತಾರೆ ಎಂದು ತಿಳಿದು, ತಿಂಗಳುಗಟ್ಟಲೆ ಕಾದು ಒಂದು ದಿನ ಗೊತ್ತುಮಾಡಿಸಿಕೊಂಡಿದ್ದೆ. ಫೋನಿನಲ್ಲಿ ಮೂರು ಮಾತು ಹೇಳಿದರು: ತಲೆಗೆ ಎಣ್ಣೆ ಹಚ್ಚಬಾರದು, ಮಧ್ಯಾಹ್ನದ ಮೇಲೆ ಕಾಫಿ-ಟೀ ಕೂಡದು, ಹಗಲು ಮಲಗಿಸಲೇಬಾರದು.

ಕೂತಲ್ಲೇ ನಿದ್ದೆ ಹೋಗುವವನನ್ನು ಮಲಗಿಸಬಾರದಂತೆ!

ನಮ್ಮ ಮನೆಯವರು ಬರುವ ಹಾಗಿರಲಿಲ್ಲ. ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು. ಬೆಳಿಗ್ಗೆ ರಾಗಿ ರೊಟ್ಟಿ, ಸೌತೆಕಾಯಿ ತಿನ್ನಿಸಿ ಇಬ್ಬರೇ ಹೊರಟೆವು. ಮುಳಬಾಗಿಲ ಬಸ್ಸಿನಲ್ಲಿ ಹೆಂಗಸೆಂದು ನನಗೆ ಸೊನ್ನೆ ಟಿಕೆಟ್ಟು, ಅವನಿಗೆ ಪೂರ್ತಿ. ಕಂಡಕ್ಟರು ಅವನು ಕೂತಿದ್ದ ಸೀಟನ್ನೊಮ್ಮೆ ನೋಡಿ, "ಅಕ್ಕ, ನಿಮ್ದು ಫ್ರೀ ಆಗಿರೋದು ಒಳ್ಳೇದಾಯ್ತು ಬಿಡಿ, ನಿಮ್ಗೆ ಕೂರೋಕೆ ಜಾಗಾನೇ ಇಲ್ವಲ್ಲ" ಎಂದ. ಬಸ್ಸೆಲ್ಲ ನಕ್ಕಿತು. ಮುನಿರಾಜನೂ ನಕ್ಕ. ನಾನು ಕಂಬಿ ಹಿಡಿದು ನಿಂತೆ.

ರಾಯಲ್ಪಾಡು ಕಡೆಯ ಒಬ್ಬ ಅಜ್ಜಿ ಪಕ್ಕದ ಸೀಟಿನಲ್ಲಿದ್ದರು. ಅವನ ತಲೆ ತೂಗಿದಾಗಲೆಲ್ಲ ನಾನು ಹೆಗಲು ತಿವಿಯುತ್ತಿದ್ದೆ. "ಏಳೋ. ಮಲಗ್ಬೇಡ ಕಣೋ."

ಅಜ್ಜಿಗೆ ತಡೆಯಲಾಗಲಿಲ್ಲ. ಮಲಗಲಿ ಬಿಡು ಎಂದು ತೆಲುಗಿನಲ್ಲಿ ಶುರುಮಾಡಿದರು. "ಪಡುಕೋನೀಮ್ಮಾ, ಪಾಪಂ! ಮಲ್ಕೊಂಡ್ರೆ ನಿಂದೇನು ಹೋಯ್ತದೆ?"

"ಆಸ್ಪತ್ರೆಯವ್ರು ಮಲಗಿಸ್ಬೇಡಿ ಅಂದವ್ರೆ ಅಜ್ಜಿ."

"ಇದ್ಯಾವ ಆಸ್ಪತ್ರೆನಮ್ಮ, ನಿದ್ದೆ ಕೆಡಿಸೋದು! ತಿಂದಿದ್ದೀಯೇನಪ್ಪ?"

ಮುನಿರಾಜ ಕಣ್ಣು ತೆರೆದ. ಮುಖ ಸಣ್ಣ ಮಾಡಿಕೊಂಡು, "ನೆನ್ನೆಯಿಂದ ಅಕ್ಕ ಏನೂ ಕೊಟ್ಟಿಲ್ಲ" ಎಂದ.

ಬಸ್ಸೆಲ್ಲ ನನ್ನ ಕಡೆ ತಿರುಗಿ ನೋಡಿತು. ಅವನ ಕೈಗೆ ಬಾಳೆಹಣ್ಣು ಬಂತು, ಯಾರದೋ ಚೀಲದಿಂದ ಕೋಡುಬಳೆ ಬಂತು. ನಾನು ಕಸಿದುಕೊಂಡರೆ ರಾಕ್ಷಸಿ, ಬಿಟ್ಟರೆ ಅವನ ಶತ್ರು. ನಮ್ಮ ಸೀಮೆಯಲ್ಲಿ ಹಸಿದವನಿಗೆ ಇಲ್ಲವೆನ್ನುವವರಿಲ್ಲ ಎಂದು ಹೆಮ್ಮೆ ಪಡುತ್ತಾರೆ. ಆ ಒಳ್ಳೆಯತನವೇ ನನ್ನ ತಮ್ಮನ ಗಂಟಲಿಗೆ ಕೂತಿದೆ. ಕೋಡುಬಳೆ ಕಸಿದೆ. ಬಾಳೆಹಣ್ಣು ಅಷ್ಟರಲ್ಲಿ ಮುಗಿದಿತ್ತು.

ಮುಳಬಾಗಿಲಿನಿಂದ ಕುರುಡುಮಲೆಗೆ ಆಟೋ. ಬಿಸಿಲು ಚುರುಗುಟ್ಟುತ್ತಿತ್ತು. ಆಳೆತ್ತರ ಮೀರಿದ ಕಲ್ಲಿನ ಗಣೇಶನ ಎದುರು ಮುನಿರಾಜ ಕೈಮುಗಿದು, ಅವನ ಹೊಟ್ಟೆಯನ್ನೂ ತನ್ನ ಹೊಟ್ಟೆಯನ್ನೂ ನೋಡಿಕೊಂಡು, "ಅಕ್ಕ, ಇವ್ನಿಗೆ ಯಾರೂ ಬೈಯಲ್ಲ ಅಲ್ವಾ?" ಎಂದ. ಪ್ರಸಾದಕ್ಕೆ ಸಿಹಿ ಪೊಂಗಲ್. ಬೇಡ ಎನ್ನುವಂತಿಲ್ಲ. ಕಣ್ಣಿಗೊತ್ತಿಕೊಂಡು ಅವನ ಅಂಗೈಗೆ ಒಂದು ಚಿಟಿಕೆ ಹಾಕಿ ಉಳಿದದ್ದನ್ನು ನಾನೇ ತಿಂದೆ. ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ. ಕೂತವನು ಹಾಗೇ ತೂಕಡಿಸಿದ. ನೀರು ತಂದು ಮುಖಕ್ಕೆ ಚಿಮುಕಿಸಿದೆ. ಆಟೋದವನು ಹಾರನ್ನು ಹೊಡೆಯುತ್ತಲೇ ಇದ್ದ.

"ಎದ್ರೆ ಮುಳಬಾಗಿಲಲ್ಲಿ ದೋಸೆ," ಎಂದೆ.

"ಎಷ್ಟು?"

"ಒಂದು."

"ಬೆಣ್ಣೆ?"

"ಇಲ್ಲ."

"ಎರಡು ಚಟ್ನಿ?"

"ಆಯ್ತು, ಏಳಪ್ಪ ದೇವ್ರೇ."

ದೋಸೆ ಹೋಟೆಲಿನಲ್ಲಿ ಹಂಚಿನ ಮುಂದೆ ಜನ ಮುತ್ತಿದ್ದರು. ಒಂದು ದೋಸೆ ಒಂದೇ ಆಗಿ ಮುಗಿಯಿತು, ಇದು ಆ ದಿನದ ನನ್ನ ದೊಡ್ಡ ಗೆಲುವು. ಅಷ್ಟರಲ್ಲಿ ಸಪ್ಲೈಯರ್ ತಾನಾಗಿಯೇ ಎರಡು ಲೋಟ ಕಾಫಿ ತಂದಿಟ್ಟ. "ಅಣ್ಣಾವ್ರು ನಿದ್ದೆಗಣ್ಣಲ್ಲಿದ್ದಾರೆ, ಸ್ಟ್ರಾಂಗಾಗಿ ಹಾಕ್ಸಿದ್ದೀನಿ." ಮಧ್ಯಾಹ್ನ ಕಳೆದಿತ್ತು. ಮುನಿರಾಜನ ಕೈ ಲೋಟದ ಕಡೆ ಹೋಗುವ ಮೊದಲು ಎರಡನ್ನೂ ನಾನೇ ಎತ್ತಿ ಕುಡಿದೆ. ನಾಲಿಗೆ ಸುಟ್ಟಿತು. ಪಕ್ಕದ ಮೇಜಿನವರು ನನ್ನನ್ನೇ ನೋಡಿದರು. ಇಂಥ ಅಕ್ಕನಿದ್ದರೆ ತಮ್ಮ ಯಾಕೆ ಸೊರಗುವುದಿಲ್ಲ ಎಂದುಕೊಂಡಿರಬೇಕು. ಸೊರಗಿದ್ದರೆ ಸಂತೋಷವೇ ಆಗುತ್ತಿತ್ತು.

ಕೋಲಾರದ ಹತ್ತಿರ ಟೊಮ್ಯಾಟೊ ಲಾರಿಗಳ ಸಾಲಿನಲ್ಲಿ ಬಸ್ಸು ಸಿಕ್ಕಿಕೊಂಡಿತು. ಅಲ್ಲಿ ಕಥೆ ಹೇಳಿದೆ, ಲಾರಿ ಎಣಿಸೆಂದೆ, ಚಿವುಟಿದೆ, ಕೊನೆಗೆ ಬೈದೆ. ಆಸ್ಪತ್ರೆ ಸೇರುವಾಗ ಹೊತ್ತು ಇಳಿದಿತ್ತು. ಅವನು ಎಚ್ಚರವಾಗಿದ್ದ, ನನ್ನ ಕಣ್ಣು ಉರಿಯುತ್ತಿತ್ತು.

ಒಳಗಿದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರು. ಹೊರರೋಗಿಗಳನ್ನು ನೋಡಿ ನೋಡಿ ಅವರೂ ಸೋತಿದ್ದರು. ಮುನಿರಾಜನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಪೆನ್ನು ಕೆಳಗಿಟ್ಟರು. "ಅಮ್ಮ, ಈ ತೂಕಕ್ಕೆ ಗೊರಕೆ ಬರ್ದೆ ಇನ್ನೇನು? ಮೊದ್ಲು ತೂಕ ಇಳ್ಸಿ. ಟೆಸ್ಟ್ ಆಮೇಲೆ ನೋಡೋಣ. ಇವತ್ತು ಬೆಡ್ಡಿಗೆ ಇನ್ನಿಬ್ಬರು ಕಾಯ್ತಿದ್ದಾರೆ."

ನಮಗೆ ಗೊತ್ತುಮಾಡಿಕೊಟ್ಟ ದಿನ ಇವತ್ತೇ ಎಂದೆ. ಪ್ರಾಡರ್-ವಿಲ್ಲಿ ಎಂದೆ. ಅಡುಗೆಮನೆಯ ಬೀಗ ಹೇಳಿದೆ. ನೀಲಿ ತುಟಿ ಹೇಳಿದೆ. "ಎಲ್ರೂ ಹಂಗೇ ಹೇಳ್ತಾರಮ್ಮ" ಎಂದು ಅವರು ಗಂಟೆಯ ಗುಂಡಿಯ ಕಡೆ ಕೈ ಚಾಚಿದರು. ಬೆಳಗಿನಿಂದ ಹಿಡಿದಿಟ್ಟಿದ್ದ ತಾಳ್ಮೆ ಅಲ್ಲಿಗೆ ಹರಿಯಿತು.

"ಮುನಿ," ಎಂದೆ, "ಒರಗ್ಕೊಳೋ. ಮಲಗು."

ಅವನು ನಂಬಲಿಲ್ಲ. "ನಿಜ್ವಾಗ್ಲೂನಾ?"

"ನಿಜ್ವಾಗ್ಲೂ ಕಣೋ. ಮಲಗು."

ಗೋಡೆಗೆ ತಲೆ ಕೊಟ್ಟ. ಗೊರಕೆ ಹೊರಗಿನ ಸಾಲಿಗೂ ಕೇಳಿಸಿತು. ಡಾಕ್ಟರು ಏನೋ ಹೇಳಹೊರಟರು. ನಾನು ಕೈ ಎತ್ತಿದೆ. "ಒಂದ್ನಿಮಿಷ ಸಾರ್. ಕೇಳಿ."

ಗೊರಕೆ ನಿಂತಿತು. ಫ್ಯಾನಿನ ಸದ್ದು ಕೇಳತೊಡಗಿತು. ಅವನ ಎದೆ ಏಳಲು ಹವಣಿಸುತ್ತಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ಅಲ್ಲಾಡಿಸಲು ನನ್ನ ಕೈ ತಾನಾಗಿ ಹೋಯಿತು. ಹಿಂದಕ್ಕೆ ಎಳೆದುಕೊಂಡೆ. ಆ ದಿನವೆಲ್ಲ ಮಾಡಿದ ಕೆಲಸದಲ್ಲಿ ಅತಿ ಕಷ್ಟದ್ದು ಅದೇ. ಡಾಕ್ಟರು ಎದ್ದು ಬಂದು ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕಿದರು. ಅದರ ಮೇಲಿನ ಅಂಕಿ ಇಳಿಯುತ್ತಾ ಹೋಯಿತು. ಅವರೇ ಅವನ ಭುಜ ಹಿಡಿದು ಅಲ್ಲಾಡಿಸಿದರು.

"ಇದು ಬರೀ ತೂಕದ್ದಲ್ಲಮ್ಮ," ಎಂದರು, ಕುರ್ಚಿ ಎಳೆದುಕೊಂಡು. ಇಂಥವರಿಗೆ ಗಂಟಲು ಇಕ್ಕಟ್ಟು, ಉಸಿರಿನ ಸ್ನಾಯು ಬಲಹೀನ, ನಿದ್ದೆಯಲ್ಲಿ ಉಸಿರಾಡು ಎಂದು ಮಿದುಳು ಹೇಳುವುದೂ ಮರೆಯುತ್ತದೆ ಎಂದು ವಿವರಿಸಿದರು. ನಿದ್ದೆ ಮಾತ್ರೆ ಯಾರು ಕೊಟ್ಟರೂ ನುಂಗಿಸಬೇಡಿ ಎಂದು ಎರಡು ಸಲ ಹೇಳಿದರು. ಆಮೇಲೆ ನರ್ಸನ್ನು ಕರೆದು ಹಾಸಿಗೆ ಬರೆಸಿದರು.

ಮೊದಲ ರಾತ್ರಿ ತಲೆತುಂಬ ತಂತಿ, ಮರುರಾತ್ರಿ ಮೂಗಿಗೆ ಮುಖವಾಡ. ಮುಖವಾಡ ಹಾಕಲು ಅವನು ಮಾಡಿದ ರಂಪ ಬರೆದರೆ ಇನ್ನೊಂದು ಪ್ರವಾಸಕಥನವಾದೀತು. ಕೊನೆಗೆ ಅದು ಗಣೇಶನ ಸೊಂಡಿಲು ಎಂದು ನರ್ಸ್ ಹೇಳಿದ ಮೇಲೆ ಒಪ್ಪಿದ. ಯಂತ್ರವನ್ನು ಸದ್ಯಕ್ಕೆ ಬಾಡಿಗೆಗೆ ಕೊಟ್ಟರು.

ಮೂರನೆಯ ದಿನ ಬೆಳಿಗ್ಗೆ ಯಂತ್ರದ ಚೀಲ ತೊಡೆಯ ಮೇಲಿಟ್ಟುಕೊಂಡು ಶ್ರೀನಿವಾಸಪುರದ ಬಸ್ಸು ಹತ್ತಿದೆವು. ಕಿಟಕಿಯ ಪಕ್ಕ ಕೂತವನು ಬಾಯಿ ಮುಚ್ಚಲಿಲ್ಲ. ಮಧ್ಯಾಹ್ನ ಮುದ್ದೆನಾ? ಸಾರು ಯಾವುದು? ಸೊಪ್ಪಾ, ಕಾಳಾ? ಎಷ್ಟು ಮುದ್ದೆ? ಮತ್ತೆ ಮೊದಲಿನಿಂದ. "ಸ್ವಲ್ಪ ಹೊತ್ತು ಸುಮ್ನೆ ಕೂರೋ ಮಾರಾಯ" ಎಂದು ಗದರಿದೆ. ಬೈದ ಮೇಲೆ ತಿಳಿಯಿತು, ಈ ದಾರಿಯಲ್ಲಿ ನಿದ್ದೆಹೋದ ಅವನ ತಲೆ ನನ್ನ ಹೆಗಲ ಮೇಲಿಲ್ಲದೆ ನಾನು ಎಂದೂ ಊರಿಗೆ ಬಂದವಳಲ್ಲ.

ಅವನು ಕಿಟಕಿಯ ಕಡೆ ತಿರುಗಿದ. ಸ್ವಲ್ಪ ದೂರ ಹೋದ ಮೇಲೆ ರಸ್ತೆಯ ಪಕ್ಕ ಕೆರೆ ಬಂತು. ಏರಿಯ ಮೇಲೆ ಹುಣಸೆಮರಗಳು, ನಡುವೆ ಒಂದಿಷ್ಟು ನೀರು, ಬೆಳ್ಳಕ್ಕಿ. ನಮ್ಮ ತಾತನ ಕಾಲಕ್ಕಿಂತಲೂ ಹಳೆಯ ಕೆರೆ ಅದು. ಮುನಿರಾಜ ಕಿಟಕಿಯ ಸರಳು ಹಿಡಿದು, ಬಸ್ಸು ಅದನ್ನು ದಾಟುವವರೆಗೂ ಕತ್ತು ತಿರುಗಿಸಿ ನೋಡಿದ.

"ಅಕ್ಕ," ಎಂದ, "ಈ ಕೆರೆ ಯಾವಾಗ ಕಟ್ಟಿದ್ರು?"