ದೃಷ್ಟಿದೋಷ ಎಂದು ಬರೆದ ಚೀಟಿ

ಟಿಕೋಟಾದ ಹೆಣ್ಣು ಮಕ್ಕಳ ಶಾಲೆಗೆ ನಾನು ಕೆಲಸಕ್ಕೆ ಸೇರಿದ್ದು ಐವತ್ತರ ದಶಕ ಮುಗಿಯುತ್ತ ಬಂದಿದ್ದಾಗ, ಒಂದು ಜೂನ್ ತಿಂಗಳಲ್ಲಿ. ನನಗೆ ಆಗ ಇಪ್ಪತ್ತು ವರ್ಷ. ಮನೆ ಬಿಜಾಪುರದಲ್ಲಿ; ಈಗ ವಿಜಯಪುರ ಎನ್ನುತ್ತಾರೆ, ನನ್ನ ಬಾಯಿಗೆ ಆ ಹೆಸರು ಇನ್ನೂ ಸರಿಯಾಗಿ ಕೂತಿಲ್ಲ. ವಾರವೆಲ್ಲ ಟಿಕೋಟಾದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಮುಂಜಾನೆಯ ಶಾಲೆ ಮುಗಿದ ಮೇಲೆ ಅಥಣಿ ಕಡೆಯಿಂದ ಬರುವ ಬಸ್ಸು ಹಿಡಿದು ಮನೆಗೆ ಹೋಗುತ್ತಿದ್ದೆ. ಟ್ರೇನಿಂಗ್ ಕಾಲೇಜಿನಲ್ಲಿ ಪ್ರಬಂಧಕ್ಕೆ ಬಹುಮಾನ ಪಡೆದಿದ್ದೆ. ನನ್ನ ಕನ್ನಡ ಬಹಳ ಶುದ್ಧ ಎಂಬ ಹೆಮ್ಮೆ ನನಗಿತ್ತು. ಆ ಹೆಮ್ಮೆ ಒಂಬತ್ತು ವರ್ಷದ ಒಬ್ಬ ಹುಡುಗಿಗೆ ಏನು ಮಾಡಿತು ಎಂಬುದನ್ನು ಬರೆಯಲು ಎಷ್ಟೋ ಸಲ ಕೂತು ಎದ್ದಿದ್ದೇನೆ.

ನನಗೆ ಕೊಟ್ಟದ್ದು ಮೂರನೆಯ ಇಯತ್ತೆ, ಅಂದರೆ ಮೂರನೆಯ ತರಗತಿ. ಪ್ರಾರ್ಥನೆ ಮುಗಿಸಿ ಮಕ್ಕಳು ಸಾಲಾಗಿ ಒಳಗೆ ಬರುವುದು, ಹಾಜರಿ ಕೂಗುವುದು, ಉಗುರು ನೋಡುವುದು, ಪಾಟಿ ಒರೆಸಿಕೊಂಡು ಬಂದಿದ್ದಾರೆಯೇ ಎಂದು ನೋಡುವುದು. ಆಮೇಲೆ ನಾನು ಹಲಗೆಯ ಮೇಲೆ ಐದು ಸಾಲು ಬರೆದರೆ ಅವರು ಪಾಟಿಯ ಮೇಲೆ ಇಳಿಸಿಕೊಳ್ಳಬೇಕು. ಗಿಡ್ಡ ಮಕ್ಕಳು ಮುಂದೆ, ಎತ್ತರದವರು ಹಿಂದೆ. ಕಲಿತು ಬಂದ ಹಾಗೆ ಎಲ್ಲವನ್ನೂ ಮೊದಲ ದಿನವೇ ಗೊತ್ತುಮಾಡಿದ್ದೆ.

ಆ ಹುಡುಗಿ ಎತ್ತರವಿದ್ದಳು. ಅದಕ್ಕೇ ಗೋಡೆಗೆ ತಾಗಿದ ಕೊನೆಯ ಸಾಲಿನಲ್ಲಿ ಕೂತಳು. ಬಾಯಿಪಾಠ ಎಂದರೆ ನೀರು ಕುಡಿದಷ್ಟು ಸಲೀಸು, ಆದರೆ ಹಲಗೆ ನೋಡಿ ಬರೆ ಎಂದರೆ ಪಕ್ಕದವಳ ಪಾಟಿಗೆ ಬಗ್ಗುತ್ತಿದ್ದಳು. ಎರಡು ದಿನ ಬೈದೆ. ಮೂರನೆಯ ದಿನ ಅಂಗೈ ಚಾಚಿಸಿ ಅಡಿಪಟ್ಟಿಯಿಂದ ಎರಡು ಹೊಡೆದೆ. ಅಳಲಿಲ್ಲ. ಕಣ್ಣು ಕಿರಿದು ಮಾಡಿ ನನ್ನ ಮುಖವನ್ನೇ ನೋಡಿದಳು. ಎಂಥ ಉದ್ಧಟ ಹುಡುಗಿ ಅಂದುಕೊಂಡೆ.

ಮರುದಿನ ಹಲಗೆ ಒರೆಸುವ ಪಾಳಿ ಅವಳದು. ಬಟ್ಟೆ ಹಿಡಿದು ಬಂದವಳು ಹಲಗೆಗೆ ಗೇಣು ದೂರದಲ್ಲಿ ನಿಂತು, ನಾನು ಬರೆದದ್ದನ್ನೆಲ್ಲ ತನ್ನಷ್ಟಕ್ಕೆ ತಾನು ಗಟ್ಟಿಯಾಗಿ ಓದಿದಳು. ಒಂದು ಒತ್ತಕ್ಷರವೂ ತಪ್ಪಲಿಲ್ಲ. ಓದಿ, ಎಷ್ಟೋ ದಿನದಿಂದ ಬೇಕಾಗಿದ್ದು ಸಿಕ್ಕವರಂತೆ ನಕ್ಕಳು.

"ಯವ್ವಾ, ಹಿಂದ ಕುಂತ್ರ ಇದು ಕಾಣಂಗಿಲ್ಲೇನು?"

"ಹಲಗಿ ಕಾಣತೈತ್ರಿ ಅಕ್ಕೋರ. ಅಕ್ಷರ ಕಾಣಂಗಿಲ್ರಿ."

"ಮತ್ತ ಮೊದಲ ಯಾಕ ಹೇಳಲಿಲ್ಲ?"

"ಎಲ್ಲಾರಿಗೂ ಹಂಗss ಅಂತ ತಿಳದಿದ್ದೆನ್ರಿ."

ಅವಳನ್ನು ಮುಂದಿನ ಸಾಲಿಗೆ ತಂದು ಕೂರಿಸಿದೆ. ಅಲ್ಲಿಗೇ ಬಿಟ್ಟಿದ್ದರೆ ಸಾಕಾಗಿತ್ತು. ಆದರೆ ನಮ್ಮ ಹೆಡ್‌ಮಾಸ್ತರರದೊಂದು ಕಟ್ಟಳೆ ಇತ್ತು: ಶಾಲೆ ಸುರುವಾದ ಹದಿನೈದು ದಿನದೊಳಗೆ ಪ್ರತಿ ಮಗುವಿನ ಬಗ್ಗೆ ಮನೆಗೊಂದು ಚೀಟಿ ಹೋಗಬೇಕು. ಹುಟ್ಟಿದ ತಾರೀಖು ತಿಳಿಸಿರಿ, ಸಿಡುಬಿಗೆ ದೇವಿ ಹಾಕಿಸಿದ್ದೀರೋ ಇಲ್ಲವೋ ಹೇಳಿರಿ, ತಲೆ ಬಾಚಿ ಕಳಿಸಿರಿ, ಇಂಥವು. ಅಂದು ಸಂಜೆ ಕೋಣೆಯ ಹೊಸ್ತಿಲ ಬೆಳಕಿನಲ್ಲಿ ಕೂತು ಚೀಟಿಗಳನ್ನು ಬರೆದೆ. ಅವಳದನ್ನು ಎಲ್ಲಕ್ಕಿಂತ ಕಾಳಜಿಯಿಂದ ಬರೆದೆ. ಅದರ ಒಂದೊಂದು ಮಾತೂ ನನಗೆ ಈಗಲೂ ನೆನಪಿದೆ.

"ನಿಮ್ಮ ಮಗಳಿಗೆ ದೃಷ್ಟಿದೋಷವಿರುವುದು ಕಂಡುಬಂದಿದೆ. ಆಕೆಯು ಸದಾ ಪಕ್ಕದ ಮಕ್ಕಳತ್ತ ನೋಡುವುದರಿಂದ ಅವರಿಗೂ ತೊಂದರೆಯಾಗುತ್ತಿದೆ. ವಿಳಂಬ ಮಾಡದೆ ತಕ್ಕ ಪರಿಹಾರ ಮಾಡಿಸತಕ್ಕದ್ದು."

ಓದಿ ನೋಡಿ, ಚೆನ್ನಾಗಿ ಬಂದಿದೆ ಎಂದು ಸಮಾಧಾನಪಟ್ಟೆ. ಮರುದಿನ ಶಾಲೆ ಬಿಡುವಾಗ ಅವಳ ಕೈಯಲ್ಲಿಟ್ಟು, "ನೀ ಓದಬ್ಯಾಡ, ಅಪ್ಪನ ಕೈಯಾಗ ಕೊಡು" ಎಂದೆ. ಅವಳು ಮಡಿಚಿದ ಹಾಗೆಯೇ ಒಯ್ದಳು. ಹೇಳಿದ ಮಾತು ಮೀರುವ ಹುಡುಗಿಯಲ್ಲ.

ಮಾರನೆಯ ದಿನ ಅವಳು ಶಾಲೆಗೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮಿರಗದ, ಅಂದರೆ ಮೃಗಶಿರೆಯ, ಮಳೆ ಬಿದ್ದು ಎಲ್ಲರ ಮನೆಯಲ್ಲೂ ಬಿತ್ತಿಗೆಯ ಗಡಿಬಿಡಿ. ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ವಾಡಿಕೆ. ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆದು ಸುಮ್ಮನಾದೆ. ವಾರ ಕಳೆಯಿತು. ಒಂದು ಮುಂಜಾನೆ ಹಾಜರಿಯಲ್ಲಿ ಅವಳ ಹೆಸರು ಕೂಗಿದಾಗ, ಮುಂದೆ ಕೂತಿದ್ದ ಇಬ್ಬರು ಹುಡುಗಿಯರು ಮುಖ ಮುಖ ನೋಡಿಕೊಂಡರು.

"ಆಕಿ ಬರಂಗಿಲ್ರಿ ಅಕ್ಕೋರ. ಆಕಿ ಕಣ್ಣ ಚಲೋ ಇಲ್ಲಂತ. ನೀವss ಬರದೀರಂತಲ್ರಿ."

ಅಂದು ಮಧ್ಯಾಹ್ನದ ಬಿಡುವಿನಲ್ಲೇ ಅವಳ ಮನೆ ಹುಡುಕಿಕೊಂಡು ಹೋದೆ. ತಂದೆ ಕೂಲಿಯವನು, ಬಿತ್ತಿಗೆಗೆಂದು ಘೋಣಸಗಿ ಕಡೆಯ ಹೊಲಗಳಿಗೆ ಹೋಗಿಬರುತ್ತಿದ್ದ. ತಾಯಿ ಬಾಗಿಲಲ್ಲೇ ನಿಂತಳು. ಒಳಗೆ ಬನ್ನಿ ಎನ್ನಲಿಲ್ಲ.

"ಮತ್ತೇನ ಬರಿಯೂದು ಉಳದೈತ್ರಿ?" ಎಂದಳು.

"ಯವ್ವಾ, ನಾ ಏನ್ ಬರದೇನಿ? ಆಕಿಗೆ ದೂರಂದು ಕಾಣಂಗಿಲ್ಲ, ದವಾಖಾನಿಗೆ ತೋರಸ್ರಿ ಅಂತ..."

"ದವಾಖಾನಿ ಅಂತ ಎಲ್ಲಿ ಬರದೀರಿ?"

ಅವಳು ಸೆರಗಿನ ಗಂಟು ಬಿಚ್ಚಿ ಚೀಟಿ ತೆಗೆದು ನನ್ನ ಮುಂದೆ ಹಿಡಿದಳು. ಓದಿದೆ. ಇನ್ನೊಮ್ಮೆ ಓದಿದೆ. ದವಾಖಾನೆ ಎಂಬ ಮಾತು ಅದರಲ್ಲಿರಲಿಲ್ಲ. ವೈದ್ಯರು ಎಂದಿರಲಿಲ್ಲ, ಕನ್ನಡಕ ಎಂದಿರಲಿಲ್ಲ. ದೃಷ್ಟಿದೋಷ ಎಂದಿತ್ತು. ಪಕ್ಕದ ಮಕ್ಕಳತ್ತ ನೋಡುತ್ತಾಳೆ, ಅವರಿಗೆ ತೊಂದರೆಯಾಗುತ್ತಿದೆ, ಪರಿಹಾರ ಮಾಡಿಸಿ ಎಂದಿತ್ತು. ದೃಷ್ಟಿ ತಗಲುವುದು, ದೃಷ್ಟಿ ತೆಗೆಯುವುದು ಎಂದೇ ಆ ಮಾತನ್ನು ಬಳಸುವ ಓಣಿಯಲ್ಲಿ ಇದನ್ನು ಬೇರೆ ಯಾವ ರೀತಿ ತಿಳಿಯಬೇಕಿತ್ತು? ನನ್ನ ಕೈಯಿಂದಲೇ ನಾನು ಆ ಮಗುವಿನ ನೋಟ ಕೆಟ್ಟದ್ದು ಎಂದು ಬರೆದುಕೊಟ್ಟಿದ್ದೆ.

ಆಮೇಲೆ ತಿಳಿದದ್ದು ಇಷ್ಟು. ಮನೆಯಲ್ಲಿ ಓದು ಬರುವವಳು ಆ ಹುಡುಗಿಯೊಬ್ಬಳೇ. ಓದಬೇಡ ಎಂದು ನಾನೇ ಹೇಳಿದ್ದೆ. ತಂದೆ ಚೀಟಿಯನ್ನು ಕಿರಾಣಿ ಅಂಗಡಿಗೆ ಒಯ್ದ. ಓಣಿಯವರ ಕಾಗದಗಳನ್ನೆಲ್ಲ ಓದಿ ಹೇಳುವುದು ಆ ಅಂಗಡಿಯವರೇ. ಕಟ್ಟೆಯ ಮೇಲೆ ಹತ್ತು ಮಂದಿ ಕೂತಿದ್ದರು, ಎಲ್ಲರೂ ಕೇಳಿದರು. ದುರ್ದೈವಕ್ಕೆ ಅದೇ ಹೊತ್ತಿನಲ್ಲಿ ಎದುರು ಮನೆಯ ಕೂಸಿಗೆ ವಾಂತಿ ಜ್ವರ ಸುರುವಾಗಿತ್ತು. ಆ ಕೂಸನ್ನು ದಿನಾ ಸಂಜೆ ಟೊಂಕದ ಮೇಲೆ ಹೊತ್ತು ತಿರುಗುತ್ತಿದ್ದವಳು ಈ ಹುಡುಗಿ.

"ಎಲ್ಲಿದ್ದಾಳ ಆಕಿ?" ಎಂದು ಕೇಳಿದೆ. ತಾಯಿ ಬಾಗಿಲು ಬಿಟ್ಟು ಸರಿದಳು.

ಒಳಗೆ ಹುಡುಗಿ ಕೌದಿ ಹೊದ್ದು ಗೋಡೆಗೆ ಮುಖ ಮಾಡಿ ಮಲಗಿದ್ದಳು. ನನ್ನ ದನಿ ಕೇಳಿ ತಿರುಗಿದಳು. ಎರಡೂ ಕಣ್ಣುಗಳ ಹೊರಬದಿಗೆ, ಕಣತಲೆಯ ಮೇಲೆ, ಬರೆ ಹಾಕಿದ್ದರು. ಯಾವುದೋ ಊರಿನ ಮುದುಕನೊಬ್ಬ ಕಾದ ಸೂಜಿಯಿಂದ ಹಾಕಿದ್ದನಂತೆ. ಎಡಗಡೆಯ ಗಾಯ ಕೀವುಗಟ್ಟಿ, ಕಣ್ಣಿನ ರೆಪ್ಪೆ ಬಾತು ಮುಚ್ಚಿಕೊಂಡಿತ್ತು.

"ನೀವು ಪರಿಹಾರ ಅಂದ್ರಿ. ನಾವು ಮಾಡಿಸಿದ್ವಿ" ಎಂದಳು ತಾಯಿ. ಆ ದನಿಯಲ್ಲಿ ಸಿಟ್ಟು ಕೂಡ ಉಳಿದಿರಲಿಲ್ಲ.

ಅಲ್ಲಿಂದ ನೇರ ಹೆಡ್‌ಮಾಸ್ತರರ ಬಳಿ ಓಡಿದೆ. ಎಲ್ಲ ಹೇಳಿ, ನೀವೊಬ್ಬರು ಹಿರಿಯರು ಬಂದು ಓಣಿಯಲ್ಲಿ ನಾಲ್ಕು ಮಾತು ಹೇಳಿ ಎಂದು ಬೇಡಿಕೊಂಡೆ. ಅವರು ಕೆಟ್ಟವರಲ್ಲ. ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ಹೇಳಿದರು.

"ಸಾಲಿ ಚೀಟಿ ತಪ್ಪು ಅಂತ ನಾನss ಊರಾಗ ಹೇಳಿದ್ರ, ನಾಳೆ ನಮ್ಮ ಮಾತು ಯಾರು ಕೇಳತಾರ್ರಿ? ವರ್ಷದ ಆರಂಭ. ಈಗಷ್ಟ ನಾಕು ಹೆಣ್ಣಮಕ್ಕಳು ಬರಾಕತ್ಯಾವ. ಸ್ವಲ್ಪ ದಿನ ತಡೀರಿ, ಮಂದಿ ಮರೀತಾರ."

ಮಂದಿ ಮರೆಯುವ ತನಕ ಆ ಕಣ್ಣು ಉಳಿಯುತ್ತದೆಯೇ ಎಂದು ಕೇಳಬೇಕೆನಿಸಿತು. ಕೇಳದೆ ಎದ್ದು ಬಂದೆ.

ಅಂದು ಸಂಜೆ ನಾನೊಬ್ಬಳೇ ಕಿರಾಣಿ ಅಂಗಡಿಯ ಕಟ್ಟೆಗೆ ಹೋದೆ. ಹೆಣ್ಣುಮಗಳು, ಅದರಲ್ಲೂ ಶಾಲೆಯ ಅಕ್ಕೋರು, ಗಂಡಸರು ಕೂತ ಕಟ್ಟೆಯ ಮುಂದೆ ನಿಂತು ಮಾತಾಡುವುದು ಆಗ ಇರಲಿಲ್ಲ. ಹುಡುಗಿಯ ನೋಟದಲ್ಲಿ ದೋಷವಿಲ್ಲ, ಅವಳಿಗೆ ದೂರದ್ದು ಮಸುಕಾಗಿ ಕಾಣುತ್ತದೆ ಅಷ್ಟೆ, ತಿಳಿಯದ ಮಾತು ಬರೆದು ನಾನು ತಪ್ಪು ಮಾಡಿದೆ ಎಂದೆ. ದನಿ ನನಗೇ ಕೇಳದಷ್ಟು ಸಣ್ಣಗಿತ್ತು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.

ಅಂಗಡಿಯವರು ತಕ್ಕಡಿ ಕೆಳಗಿಟ್ಟರು. "ಅಕ್ಕೋರ, ನೀವು ಬರದಿದ್ದನ್ನ ನಾ ಓದೇನಿ. ಒಂದಕ್ಷರ ಹೆಚ್ಚಿಗಿ ಓದಿಲ್ರಿ."

"ಖರೆ ಐತ್ರಿ. ನಿಮ್ಮದೇನೂ ತಪ್ಪಿಲ್ಲ. ನಂದss ತಪ್ಪು."

ಬೆಲ್ಲಕ್ಕೆಂದು ಬಂದಿದ್ದ ಒಬ್ಬ ಮುದುಕಿ ಪಕ್ಕದವಳಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಪೋರಿನ್ನ ನೋಡಿ ದಯಾ ಬಂದೈತಿ. ಅದಕ್ಕ ಈಗ ಮಾತು ತಿರುವಾಕತ್ತಾಳ."

ಮರುದಿನ ಬೆಳಗ್ಗೆ, ತಂದೆ ಹೊಲಕ್ಕೆ ಹೋಗುವ ಮೊದಲೇ ಅವರ ಮನೆಯ ಮುಂದೆ ನಿಂತೆ. ಬಿಜಾಪುರಕ್ಕೆ ಒಯ್ದು ದೊಡ್ಡ ದವಾಖಾನೆಯಲ್ಲಿ ತೋರಿಸುತ್ತೇನೆ, ನನ್ನ ಜೊತೆ ಕಳಿಸಿ ಎಂದೆ. ಅವನು ಬಾಗಿಲ ಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದ. ನನ್ನತ್ತ ನೋಡಲಿಲ್ಲ.

"ಒಯ್ಯಿರಿ" ಎಂದ. "ಇನ್ನ ಹೋಗೂದು ಏನ್ ಉಳದೈತಿ."

ತಾಯಿಯೂ ಬಂದಳು. ಬಸ್ಸಿನಲ್ಲಿ ಹುಡುಗಿಯ ಮುಖಕ್ಕೆ ಸೆರಗು ಮುಚ್ಚಿ ಕೂರಿಸಿಕೊಂಡಿದ್ದಳು, ಗಾಳಿ ತಾಗಬಾರದೆಂದೋ ಯಾರೂ ನೋಡಬಾರದೆಂದೋ ಕೇಳಲಿಲ್ಲ. ದವಾಖಾನೆಯಲ್ಲಿ ಸಾಲು ದೊಡ್ಡದಿತ್ತು. ನಮ್ಮ ಪಾಳಿ ಬಂದಾಗ ಡಾಕ್ಟರರು ಸೆರಗು ಸರಿಸಿ ನೋಡಿ ಒಮ್ಮೆಲೇ ಎದ್ದು ನಿಂತರು.

"ಯಾರು ಮಾಡಿದ್ದು ಇದು? ಯಾರು ಮಾಡಿದ್ದು ಅಂತೀನಿ!"

ತಾಯಿ ತಲೆ ತಗ್ಗಿಸಿದಳು. ನನ್ನ ಹೆಸರು ಹೇಳಬಹುದಿತ್ತು, ಹೇಳಲಿಲ್ಲ.

"ನಾನ್ರಿ" ಎಂದೆ.

ಡಾಕ್ಟರರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಏನು ತಿಳಿದುಕೊಂಡರೋ, ಮತ್ತೆ ಕೇಳಲಿಲ್ಲ. ಗಾಯ ತೊಳೆದು ಮದ್ದು ಹಾಕಿದರು. ಕಣ್ಣು ಉಳಿಯುತ್ತದೆ, ಆದರೆ ತುದಿಯ ಚರ್ಮ ಎಳೆದುಕೊಂಡು ರೆಪ್ಪೆ ಎಂದಿಗೂ ಪೂರ್ತಿ ತೆರೆಯಲಿಕ್ಕಿಲ್ಲ ಎಂದರು. ಹತ್ತು ದಿನ ಬಿಟ್ಟು ಮತ್ತೆ ಕರೆದೊಯ್ದಾಗ ಕಣ್ಣು ಪರೀಕ್ಷೆ ಮಾಡಿದರು. ಚೌಕಟ್ಟಿಗೆ ಒಂದೊಂದೇ ಗಾಜು ಹಾಕಿ ತೆಗೆಯುತ್ತ, ಒಂದು ಗಾಜಿಗೆ ಬಂದಾಗ ಹುಡುಗಿ ತಟ್ಟನೆ ತಲೆ ಎತ್ತಿದಳು. ಗೋಡೆಯ ಮೇಲಿನ ಅಕ್ಷರಗಳನ್ನು ನೋಡಲಿಲ್ಲ. ಕೋಣೆಯ ಆ ತುದಿಯಲ್ಲಿ, ಬಾಗಿಲ ಬಳಿ ನಿಂತಿದ್ದ ತಾಯಿಯತ್ತ ತಿರುಗಿದಳು.

"ಯವ್ವಾ, ಅಳಾಕತ್ತೀ ಏನ ಬೇ?"

ಕನ್ನಡಕ ಬಂದ ಮೇಲೆ ಅವಳು ಶಾಲೆಗೆ ಬಂದಳು. ಎಲ್ಲ ಸರಿಹೋಯಿತು ಎಂದು ನಾನು ಮೂರು ದಿನ ನಂಬಿದ್ದೆ. ನಾಲ್ಕನೆಯ ದಿನ ಅವಳ ಎಡಬಲ ಕೂರುತ್ತಿದ್ದ ಮಕ್ಕಳು ಹಿಂದಕ್ಕೆ ಸರಿದಿದ್ದರು. ಅವರ ತಾಯಂದಿರು ಹೇಳಿ ಕಳಿಸಿದ್ದರು. ಊರಲ್ಲಿ ಅಷ್ಟು ಸಣ್ಣ ಹುಡುಗಿ ಕನ್ನಡಕ ಹಾಕಿದ್ದು ಅದೇ ಮೊದಲು; ಕಣ್ಣಿನ ದೋಷ ಹೊರಗೆ ಬಾರದಿರಲೆಂದು ಗಾಜು ಕಟ್ಟಿದ್ದಾರೆ ಎಂದು ಮಾತಾಯಿತು. ಎದುರು ಮನೆಯ ಕೂಸು ಎಂದೋ ಗುಣವಾಗಿ ಅಂಗಳದಲ್ಲಿ ಅಂಬೆಗಾಲಿಡುತ್ತಿತ್ತು. ಈ ಹುಡುಗಿ ಹಾದು ಹೋಗುವಾಗ ಅದನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ನಾನು ಮನೆ ಮನೆಗೆ ಹೋಗಿ ಹೇಳಿದೆ. ಕೆಲವರು ಚಹಾ ಕೊಟ್ಟು ಕೇಳಿದರು, ಕೆಲವರು ನಿಂತೇ ಕೇಳಿದರು. ಯಾರೂ ಎದುರಾಡಲಿಲ್ಲ. ಮರುದಿನವೂ ಅವಳ ಎಡಬಲ ಖಾಲಿಯೇ ಇತ್ತು. ಅವಳ ಪಕ್ಕ ನಾನೇ ನೆಲದ ಮೇಲೆ ಕೂತು ಪಾಠ ಮಾಡಿದ ದಿನಗಳಿವೆ. ಅದು ಅವಳಿಗೆ ಇನ್ನೂ ನಾಚಿಕೆ ತಂದಿತು.

ದೀಪಾವಳಿಯ ಸೂಟಿ ಮುಗಿದು ಶಾಲೆ ತೆರೆದಾಗ ಅವಳಿರಲಿಲ್ಲ. ಮನೆಗೆ ಹೋದರೆ ಬಾಗಿಲಿಗೆ ಕೀಲಿ. ತಾಯಿಯ ತವರು ಬಬಲೇಶ್ವರಕ್ಕೆ ಹೋದರು ಎಂದು ಎದುರು ಮನೆಯವರು ಹೇಳಿದರು, ಹಗುರಾದ ದನಿಯಲ್ಲಿ.

ಮುಂದಿನ ಜೂನಿನಲ್ಲಿ ನಾನು ಒಂದೂ ಚೀಟಿ ಬರೆಯಲಿಲ್ಲ. ಹೆಡ್‌ಮಾಸ್ತರರು ಎರಡು ಸಲ ಕೇಳಿ ಬಿಟ್ಟರು. ಶಾಲೆ ಬಿಟ್ಟ ಮೇಲೆ ದಿನಕ್ಕೆ ಮೂರು ಮನೆಯಂತೆ ನಡೆದುಹೋಗಿ ಬಾಯಿಂದಲೇ ಹೇಳಿ ಬಂದೆ. ಹಾಗೆ ತಿರುಗುವಾಗ ಆ ಮಗುವಿನ ನೆನಪು ಕಾಡಿ, ಒಂದು ಶನಿವಾರ ಬಿಜಾಪುರದಲ್ಲಿ ಇಳಿದವಳು ಮನೆಗೆ ಹೋಗದೆ ಬಬಲೇಶ್ವರದ ಬಸ್ಸು ಹತ್ತಿದೆ.

ಅಲ್ಲಿಯ ಶಾಲೆಯ ಹಾಜರಿಯಲ್ಲಿ ಅವಳ ಹೆಸರಿರಲಿಲ್ಲ. ಕೇಳಿಕೊಂಡು ಮನೆಗೆ ಹೋದೆ. ತಂದೆ ನನ್ನನ್ನು ಗುರುತಿಸಿ, ಕಂಬಳಿ ಹಾಸಿ ಕೂರಿಸಿದ. ತಾಯಿ ನೀರು ತಂದಿಟ್ಟಳು. ಸಾಲಿಗೆ ಕಳಿಸಿ ಎಂದು ಕೈ ಮುಗಿದೆ.

"ನೀವು ಕೆಟ್ಟ ಮಂದಿ ಅಲ್ರಿ ಅಕ್ಕೋರ" ಎಂದ ಅವನು. "ಅದು ನಮಗ ಗೊತ್ತೈತಿ. ಆದ್ರ ಈ ಊರಾಗ ಆಕಿ ಸುದ್ದಿ ಯಾರಿಗೂ ತಿಳೀದು. ಸಾಲಿಗೆ ಹಾಕಿದ್ರ ಹಳೇ ಸಾಲಿಯಿಂದ ಕಾಗದ ತರಿಸತಾರ, ಯಾಕ ಬಿಟ್ರಿ ಅಂತ ಕೇಳತಾರ. ಬ್ಯಾಡ್ರಿ. ಕೈ ಮುಗೀತೀನಿ, ಬ್ಯಾಡ್ರಿ."

ಅವನು ಕೈ ಮುಗಿದದ್ದನ್ನು ನೋಡಿ ನನ್ನ ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಹುಡುಗಿ ಬಸ್ಸಿನ ತನಕ ಬಂದಳು. ಕನ್ನಡಕ ಹಾಕಿದ್ದಳು, ಅದರ ಒಂದು ಕಾಲಿಗೆ ದಾರ ಸುತ್ತಿತ್ತು. ಎಡಗಣ್ಣು ಅರ್ಧವೇ ತೆರೆದಿತ್ತು. ಬೇವಿನ ಗಿಡದ ಕೆಳಗೆ ನಿಂತು ಜಮಖಂಡಿಯಿಂದ ಬರುವ ಬಸ್ಸಿಗೆ ಕಾಯುವಾಗ ನಿಧಾನಕ್ಕೆ ಕೇಳಿದಳು.

"ನಾಕನೇ ಇಯತ್ತೆ ಪುಸ್ತಕದಾಗ ಮೊದಲನೇ ಪಾಠ ಏನೈತ್ರಿ?"

ಹೇಳತೊಡಗಿದೆ. ಇರುವೆ ಕಾಳು ಕೂಡಿಡುವ ಪಾಠ. ನೆನಪಿದ್ದಷ್ಟನ್ನೂ, ತರಗತಿಯಲ್ಲಿ ಹೇಳುವ ಹಾಗೆಯೇ, ಒಂದೊಂದೇ ಸಾಲು ಹೇಳಿದೆ. ಅವಳು ತುಟಿಯಲ್ಲೇ ಹಿಂದಿನಿಂದ ಹೇಳಿಕೊಂಡಳು. ಎರಡನೆಯ ಪಾಠ ಕೆರೆಯದು. ಅದರ ಅರ್ಧಕ್ಕೆ ಬಸ್ಸು ಬಂತು. ಕಂಡಕ್ಟರ್ ಅವಸರ ಮಾಡಿದ. ನಾನು ಹತ್ತಿ ಕೂತಾಗ ಅವಳು ಕಿಟಕಿಯ ಪಕ್ಕಕ್ಕೆ ಓಡಿಬಂದು ಮುಖವೆತ್ತಿ, "ಮುಂದ ಏನಾತ್ರಿ?" ಎಂದಳು.

ಕೆರೆಗೆ ನೀರು ಬಂತು ಎಂದು ಕೂಗಿ ಹೇಳಿದೆ. ಬಸ್ಸಿನ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ ನನಗೆ ತಿಳಿಯಲಿಲ್ಲ.